ಬೈಸಿಕಲ್ಲಿನ ಬೀಗ



ಕಪಿಲೆಯ ದಡದಲ್ಲಿ ನಂಜನಗೂಡು. ಅದೇ ಕಪಿಲೆ ಮುಂದೆ ಹರಿದು ಕಾವೇರಿಯನ್ನು ಕೂಡುವೆಡೆಯಲ್ಲಿ ತಿರುಮಕೂಡಲು ನರಸೀಪುರ. ಶ್ರೀಕಂಠೇಶ್ವರನ ದರ್ಶನಕ್ಕಾಗಲಿ ಗುಂಜಾ ನರಸಿಂಹಸ್ವಾಮಿಯ ದರ್ಶನಕ್ಕಾಗಲಿ ಹೋದ ಯಾತ್ರಿಕರು ಮೊದಲು ನೀರಿಗಿಳಿಯುವುದು ವಾಡಿಕೆ. ನೀರಿಗಿಳಿಯುವವರು ತಂದುದನ್ನೆಲ್ಲ ದಡದಲ್ಲಿಯೇ ಬಿಡಬೇಕು. ಬಟ್ಟೆಯ ಗಂಟನ್ನು ಮನೆಯವರೊಬ್ಬರು ಕಾಯುತ್ತಾರೆ. ಪಾದರಕ್ಷೆ ಕಳುವಾದರೆ ಗ್ರಹಚಾರ ತೊಲಗಿತೆಂದು ಸಮಾಧಾನ ಹೇಳುವುದುಂಟು. ಬೈಸಿಕಲ್ ಕಳುವಾದವನಿಗೆ ಹಾಗೆ ಸಮಾಧಾನ ಹೇಳುವ ಧೈರ್ಯ ಯಾರಿಗೂ ಇರಲಾರದು. ಹಾಲು ಹಾಕುವವನಿಗೂ, ರಸಬಾಳೆಯ ಗೊನೆಯನ್ನು ಸಂತೆಗೆ ಸಾಗಿಸುವವನಿಗೂ ಅದೇ ಬಂಡಿ, ಅದೇ ಎತ್ತು. ಆದಕಾರಣ ಅದರ ಬೀಗದ ವಿಚಾರವು ಅಲ್ಪವೆಂದು ತೋರಿದರೂ ಉಪೇಕ್ಷಿಸತಕ್ಕದ್ದಲ್ಲ.

ಬೀಗವು ನಮಗೆ ಹೊಸದೇನೂ ಅಲ್ಲ. ಅಗುಳಿ, ಚಿಲಕ, ಬೀಗ ಎಂಬ ಮಾತುಗಳು ಹಳೆಯ ಮನೆಗಳ ಬಾಗಿಲಿನಷ್ಟೇ ಹಳೆಯವು. ಬೀಗವನ್ನು ತೆರೆಯುವ ಸಾಧನವನ್ನು ಕನ್ನಡಿಗರು ‘ಬೀಗದ ಕೈ’ ಎಂದು ಕರೆದರು. ಆ ಕೈಯೊಂದನ್ನುಳಿದು ಮತ್ತಾವ ಕೈಯೂ ಸೋಕಬಾರದೆಂಬ ಭಾವವು ಆ ಹೆಸರಿನಲ್ಲಿಯೇ ಅಡಗಿದೆ. ಆದರೆ ಮನೆಯ ಬೀಗಕ್ಕೆ ಒಂದು ಅನುಕೂಲವಿತ್ತು: ಮನೆಯನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಬೈಸಿಕಲ್ ಹಾಗಲ್ಲ. ಓಡುವುದಕ್ಕೆಂದೇ ಹುಟ್ಟಿದ ವಸ್ತುವನ್ನು ನಿಲ್ಲಿಸಿಡಬೇಕಾಗಿ ಬಂದಾಗ ಬೀಗದ ಶಾಸ್ತ್ರವೇ ಬದಲಾಗಬೇಕಾಯಿತು.

ಆ ಬದಲಾವಣೆಯ ಕಾಲವೂ ತೀರ ಹಿಂದಿನದಲ್ಲ. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ, ನಂಜನಗೂಡಿನ ಬಳಿ ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ಒಂದೂವರೆ ಶತಮಾನ ಸಾಗಿದುದು ಕಾಲ್ನಡೆಯವರೂ ಎತ್ತಿನ ಬಂಡಿಗಳೂ. 1891ರಲ್ಲಿ ಅದೇ ಸೇತುವೆಯ ಮೇಲೆ ರೈಲು ಬಂದಿತು. ಆ ವೇಳೆಗೆ ಇಂಗ್ಲೆಂಡಿನ ಸ್ಟಾರ್ಲಿಯು 1885ರಲ್ಲಿ ಸಮಗಾಲಿಯ ‘ರೋವರ್’ ಬೈಸಿಕಲ್ಲನ್ನೂ, ಡನ್‌ಲಪ್ಪನು 1888ರಲ್ಲಿ ಗಾಳಿ ತುಂಬಿದ ಟೈರನ್ನೂ ಜಗತ್ತಿಗೆ ಕೊಟ್ಟಾಗಿತ್ತು. ಮೈಸೂರಿನಿಂದ ನಂಜನಗೂಡು ಸುಮಾರು 14 ಮೈಲಿ, ನರಸೀಪುರ ಸುಮಾರು 20 ಮೈಲಿ. ಈ ದೂರವು ಬೈಸಿಕಲ್ಲಿಗೆಂದೇ ಅಳೆದಿಟ್ಟಂತಿದೆ.

ಇನ್ನು ಬೀಗದ ಒಳಗನ್ನು ನೋಡೋಣ. ಹಳೆಯ ಬೀಗಗಳೊಳಗೆ ಇದ್ದುದು ಅಲುಗದ ಕೆಲವು ಅಡ್ಡಪಟ್ಟಿಗಳು ಮಾತ್ರ. ಅವನ್ನು ತಪ್ಪಿಸಿಕೊಂಡು ತಿರುಗುವಂತೆ ತೆಳ್ಳಗೆ ಅರೆದ ಯಾವ ಕೈಯಾದರೂ ಸಾಕು, ಬೀಗವು ಸೋಲುತ್ತಿತ್ತು. 1778ರಲ್ಲಿ ಲಂಡನ್ನಿನ ರಾಬರ್ಟ್ ಬ್ಯಾರನ್ ಎಂಬಾತನು ಅಲುಗಾಡುವ ಸನ್ನೆಗಳನ್ನು ಒಳಗಿಟ್ಟನು. ಅವನ್ನು ಕಡಮೆ ಎತ್ತಿದರೂ ಬೀಗ ತೆರೆಯದು, ಹೆಚ್ಚು ಎತ್ತಿದರೂ ತೆರೆಯದು. ಇಂದು ಅಂಗಡಿಯವರು ‘ಆರು ಲಿವರು, ಏಳು ಲಿವರು’ ಎಂದು ಹೇಳುವುದು ಈ ಸನ್ನೆಗಳನ್ನೇ. 1784ರಲ್ಲಿ ಜೋಸೆಫ್ ಬ್ರಾಮಾ ಇನ್ನೊಂದು ಬಗೆಯ ಬೀಗವನ್ನು ಮಾಡಿದನು. ಅದನ್ನು ಕೈಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನವೆಂದು ಅವನ ಅಂಗಡಿಯ ಕಿಟಕಿಯಲ್ಲಿ ಬರೆದಿಟ್ಟಿದ್ದರು. ದಶಕಗಳ ಕಾಲ ಅದನ್ನು ಯಾರೂ ಗೆಲ್ಲಲಿಲ್ಲ.

1851ರ ಲಂಡನ್ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಹಾಬ್ಸ್ ಎಂಬ ಬೀಗಗಾರನು ಆ ಗರ್ವವನ್ನು ಮುರಿದನು. ಆಗ ಬಹು ಹೆಸರಾಗಿದ್ದ ಚಬ್ ಬೀಗವನ್ನು ಆತನು ಸುಮಾರು 25 ನಿಮಿಷದಲ್ಲಿ ತೆರೆದನು. ಬ್ರಾಮಾ ಬೀಗಕ್ಕೆ ಹಿಡಿದುದು 16 ದಿನಗಳಲ್ಲಿ ಹರಡಿದ ಸುಮಾರು 51 ಗಂಟೆ. ಇಂಗ್ಲೆಂಡಿನ ಜನ ಎರಡೂ ಬೀಗಗಳು ಸೋತುವೆಂದು ಗಾಬರಿಗೊಂಡರು. ನನಗಾದರೋ ಅವೆರಡರ ನಡುವಿನ ಅಂತರವೇ ಮುಖ್ಯವೆಂದು ತೋರುತ್ತದೆ. ತೆರೆಯಲಾರದ ಬೀಗವೆಂಬುದು ಇಲ್ಲ. ಬೀಗದ ಅಂಗಡಿಯಲ್ಲಿ ನಾವು ಹಣ ಕೊಟ್ಟು ಕೊಳ್ಳುವುದು ಕಬ್ಬಿಣವನ್ನಲ್ಲ, ಹೊತ್ತನ್ನು. ಸಂಗಮದಲ್ಲಿ ಮುಳುಗಿ ಏಳುವವನಿಗೆ ಅರ್ಧ ಗಂಟೆ ಬೇಕು, ಶಾಲೆಗೆ ಹೋದವರಿಗೆ ಒಂದು ಹಗಲು ಬೇಕು, ಬೀದಿಯಲ್ಲಿ ನಿಲ್ಲಿಸಿ ಮಲಗುವವನಿಗೆ ಇಡೀ ರಾತ್ರಿ ಬೇಕು.

ಮುಂದೆ ಅಮೆರಿಕದ ಕಿರಿಯ ಲೈನಸ್ ಯೇಲನು 1861ರಲ್ಲಿಯೂ 1865ರಲ್ಲಿಯೂ ಪಡೆದ ಪೇಟೆಂಟುಗಳಿಂದ ಚಪ್ಪಟೆ ಕೈಯ, ಪಿನ್ನುಗಳುಳ್ಳ ಬೀಗವು ಪ್ರಚಾರಕ್ಕೆ ಬಂದಿತು. ಇದರ ಲೆಕ್ಕ ಸುಲಭ. ಮೂರು ಪಿನ್ನುಗಳು, ಒಂದೊಂದಕ್ಕೆ ಮೂರು ಎತ್ತರಗಳಿದ್ದರೆ ಆಗುವ ಕೈಗಳ ಬಗೆ 27. ಐದು ಪಿನ್ನುಗಳು, ಆರು ಎತ್ತರಗಳಿದ್ದರೆ 7,776. ಹೊರಗಿನಿಂದ ಎರಡು ಬೀಗಗಳೂ ಒಂದೇ ಗಾತ್ರವಾಗಿ ಕಾಣಬಹುದು! ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೆಜರು 1897ರಲ್ಲಿ ಮುಂಬಯಿಯಲ್ಲಿ ಬೀಗದ ಕೈಗಾರಿಕೆಯನ್ನು ಆರಂಭಿಸಿದರು. ಅಲೀಗಢ, ದಿಂಡಿಗಲ್ಲುಗಳು ಈ ಕಸುಬಿಗೆ ಹೆಸರಾದುವು.

ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸರಿದು ಕೂಡುವ ಬಳೆಬೀಗವು ನಮ್ಮ ಬೈಸಿಕಲ್ಲುಗಳಲ್ಲಿ ಸಾಮಾನ್ಯ. ಅದು ಚಕ್ರವನ್ನು ನಿಲ್ಲಿಸುತ್ತದೆ, ಬೈಸಿಕಲ್ಲನ್ನು ನಿಲ್ಲಿಸುವುದಿಲ್ಲ. ಎತ್ತಿ ಹೆಗಲಿಗೇರಿಸುವವನಿಗೆ ಅದರಿಂದ ಏನೂ ಅಡ್ಡಿಯಿಲ್ಲ. ಅದರೊಡನೆ ಸರಪಳಿಯೊಂದಿರಬೇಕು, ಅದನ್ನು ಚಕ್ರಕ್ಕೆ ಮಾತ್ರವಲ್ಲದೆ ಚೌಕಟ್ಟಿಗೂ ಸೇರಿಸಿ ಕಂಬಕ್ಕೆ ಬಿಗಿಯಬೇಕು. ಬಣ್ಣದ ರಬ್ಬರು ಹೊದಿಸಿದ ತಂತಿಯ ಹಗ್ಗವು ನೋಡಲು ದಪ್ಪ. ಒಳಗಿನ ತಂತಿಯು ಸಾಧಾರಣ ಕತ್ತರಿಗೂ ಬಗ್ಗುತ್ತದೆ. ಹದಗೊಳಿಸಿದ ಉಕ್ಕಿನ ಸರಪಳಿಯೇ ಲೇಸು, ಭಾರವಾದರೂ. 1970ರ ದಶಕದಲ್ಲಿ ಅಮೆರಿಕದಲ್ಲಿ ಲಾಳದಂತೆ ಬಾಗಿದ ಉಕ್ಕಿನ ಕಂಬಿಯ ಬೀಗಗಳು ಬಂದುವು. ಅಲ್ಲಿನ ಕಳ್ಳರಿಗೆ ಅವು ದೊಡ್ಡ ತೊಡಕಾದುವು. ಆದರೆ 2004ರಲ್ಲಿ ಅವುಗಳಲ್ಲಿ ಹೆಸರಾಂತ ಕ್ರಿಪ್ಟೊನೈಟ್ ಬೀಗದ ದುಂಡುಕೈಯ ಕೆಲವು ಮಾದರಿಗಳು ಸಾಧಾರಣ ಬಾಲ್‌ಪೆನ್ನಿನ ಪೊಳ್ಳು ಕೊಳವೆಯಿಂದಲೇ ತೆರೆಯುತ್ತವೆಂದು ಬಯಲಾಯಿತು. ಹೊರಗಿನ ಉಕ್ಕು ಸೋಲಲಿಲ್ಲ, ಒಳಗಿನ ಯಂತ್ರವು ಸೋತಿತು. ಕೊಳ್ಳುವವರು ಎರಡನ್ನೂ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ನದೀತೀರದ ಊರಿನವರಿಗೆ ತುಕ್ಕಿನ ಬಾಧೆ ಬೇರೆ. ಒಳಭಾಗ ಹಿತ್ತಾಳೆಯದಾದರೆ ಉತ್ತಮ. ಕೈ ಹಾಕುವ ರಂಧ್ರವು ಕೆಳಮೊಗವಾಗಿರುವಂತೆ ಬೀಗವನ್ನು ತೂಗಬಿಟ್ಟರೆ ಮಳೆಯೂ ದೂಳೂ ಒಳಹೋಗುವುದು ಕಡಮೆ. ಬಿಗಿಯಾದಾಗ ಅಡುಗೆಯ ಎಣ್ಣೆಯನ್ನು ಹಾಕುವವರುಂಟು. ಅದು ದೂಳನ್ನು ಕಟ್ಟಿಕೊಂಡು ಅಂಟಾಗುತ್ತದೆ. ಪೆನ್ಸಿಲಿನ ಸೀಸವನ್ನು ಪುಡಿಮಾಡಿ ಕೈಗೆ ಸವರಿ ನಾಲ್ಕಾರು ಬಾರಿ ತಿರುಗಿಸಿದರೆ ಸಾಕು.

2006-07ರಿಂದ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳಿಗೆ ದೂರದ ಪ್ರೌಢಶಾಲೆಯು ಹತ್ತಿರವಾಯಿತು. ಒಂದೇ ಬಗೆಯ ಬೈಸಿಕಲ್ಲುಗಳು ಒಂದೇ ಅಂಗಳದಲ್ಲಿ ಸಾಲಾಗಿ ನಿಂತಾಗ 27 ಬಗೆಯ ಕೈಗಳ ಬೀಗವು ಏನು ಕಾದೀತು? ನೂರು ಬೈಸಿಕಲ್ಲುಗಳ ನಡುವೆ ಒಬ್ಬಳ ಕೈಗೆ ಇನ್ನೊಬ್ಬಳ ಬೀಗ ತೆರೆದೇ ತೆರೆಯುತ್ತದೆ. ಅಂಥಲ್ಲಿ ಬೈಸಿಕಲ್ ಹೋದರೆ ಅದರೊಡನೆ ಒಬ್ಬ ಹುಡುಗಿಯ ಶಾಲೆಯೂ ಹೋಗಬಹುದು. ತಂದೆತಾಯಿಗಳು ಐದು ಪಿನ್ನಿನದೊಂದು ಬೀಗಕ್ಕೆ ಇನ್ನಷ್ಟು ಹಣ ಕೂಡಿಸುವುದು ದುಂದಲ್ಲ.

ಕೊನೆಯದಾಗಿ ಕೈಯ ಮಾತು. ಸ್ನಾನಕ್ಕಿಳಿಯುವ ಗಂಡಸರು ಅದನ್ನು ಉಡಿದಾರಕ್ಕೋ ಜನಿವಾರಕ್ಕೋ ಕಟ್ಟಿಕೊಳ್ಳುವುದು ಹಳೆಯ ಉಪಾಯ, ಒಳ್ಳೆಯ ಉಪಾಯ. ಹೊಸ ಬೀಗದೊಡನೆ ಕೈಗಳು ಎರಡು ಬರುತ್ತವೆ. ಎರಡನ್ನೂ ಒಂದೇ ಬಳೆಗೆ ಪೋಣಿಸಿ ಜೇಬಿಗೆ ಹಾಕಿಕೊಳ್ಳುವವರೇ ಹೆಚ್ಚು. ಒಂದನ್ನು ಮನೆಯಲ್ಲಿಯೇ ಬಿಟ್ಟು, ಪೆಡಲಿನ ಅಚ್ಚಿನ ಕೆಳಗೆ ಚೌಕಟ್ಟಿನಲ್ಲಿ ಕೊರೆದಿರುವ ಅಂಕಿಯನ್ನು ಕಾಗದದಲ್ಲಿ ಬರೆದು ಅದರ ಜೊತೆಗೆ ಇಟ್ಟಿರಿ. ಪೋಲೀಸರು ಮೊದಲು ಕೇಳುವುದು ಆ ಅಂಕಿಯನ್ನೇ.