ಗೌರಿಯಮ್ಮ: ಕುರ್ಚಿ ದಕ್ಕಲಿಲ್ಲ, ಕಾಯ್ದೆ ಉಳಿಯಿತು

ಕಾನೂನು ಓದಿದವರಿಗೆಲ್ಲ ಕೇಶವಾನಂದ ಭಾರತಿ ಪ್ರಕರಣ ಗೊತ್ತು. ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಇದ್ದರೂ ಅದರ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರ ಇಲ್ಲವೆಂದು ಸುಪ್ರೀಂ ಕೋರ್ಟು 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಆಲಿಸಿದ ಮೊಕದ್ದಮೆ ಅದು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಯಕ್ಷಗಾನಕ್ಕೂ ಕನ್ನಡಕ್ಕೂ ಆಶ್ರಯವಾಗಿದ್ದ ಮಠ. ಆದರೆ ಆ ಸ್ವಾಮೀಜಿ ಕೋರ್ಟಿನ ಮೆಟ್ಟಿಲೇರಿದ್ದು ಯಾವ ಕಾಯ್ದೆಯಿಂದಾಗಿ, ಆ ಕಾಯ್ದೆಯ ಹಿಂದೆ ಇದ್ದವರು ಯಾರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಅದು ಕೇರಳದ ಭೂಸುಧಾರಣಾ ಕಾಯ್ದೆ. ಅದರ ಮೊದಲ ಕರಡನ್ನು ವಿಧಾನಸಭೆಗೆ ತಂದವರೂ, ಹನ್ನೆರಡು ವರ್ಷಗಳ ನಂತರ ಅದಕ್ಕೆ ಹಲ್ಲು ಕೊಟ್ಟ ತಿದ್ದುಪಡಿಯನ್ನು ರೂಪಿಸಿದವರೂ ಒಬ್ಬರೇ: ಕಂದಾಯ ಸಚಿವೆ ಕೆ. ಆರ್. ಗೌರಿಯಮ್ಮ. ರಾಜ್ಯ ರಾಜಕಾರಣದಲ್ಲಿ ಯಶಸ್ಸನ್ನು ನಾವು ಸಾಮಾನ್ಯವಾಗಿ ಪದವಿಯಿಂದ ಅಳೆಯುತ್ತೇವೆ. ಆ ಅಳತೆಗೋಲಿಗೆ ಗೌರಿಯಮ್ಮನವರ ಬದುಕು ಸಿಗುವುದಿಲ್ಲ. ಮುಖ್ಯಮಂತ್ರಿ ಪದವಿ ಅವರ ಕೈಗೆಟುಕುವಷ್ಟು ಹತ್ತಿರ ಬಂದು ದೂರ ಸರಿಯಿತು. ಅವರು ತಂದ ಕಾನೂನು ಮಾತ್ರ ಒಂದು ರಾಜ್ಯದ ಮಣ್ಣಿನ ಒಡೆತನವನ್ನೇ ಬದಲಿಸಿತು.

ಚೇರ್ತಲದ ವಕೀಲೆ

ಗೌರಿಯಮ್ಮ ಹುಟ್ಟಿದ್ದು 1919ರ ಜುಲೈ 14ರಂದು, ತಿರುವಾಂಕೂರು ಸಂಸ್ಥಾನದ ಚೇರ್ತಲ ತಾಲ್ಲೂಕಿನ ಪಟ್ಟಣಕ್ಕಾಡಿನಲ್ಲಿ. ನಾರಾಯಣ ಗುರುಗಳ ಸುಧಾರಣೆಯಿಂದ ಎಚ್ಚೆತ್ತಿದ್ದ ಈಳವ ಸಮುದಾಯದ ಕುಟುಂಬ. ಆ ಸಮುದಾಯದಿಂದ ಕಾನೂನು ಓದಿದ ಮೊದಲ ಮಹಿಳೆ ಎಂಬ ಹೆಸರು ಅವರದು. ಓದು ಮುಗಿಸಿ ಚೇರ್ತಲದಲ್ಲಿಯೇ ವಕೀಲಿ ಆರಂಭಿಸಿದರು.

ಆ ಕಾಲದ ಆಲಪ್ಪುಳ, ಚೇರ್ತಲಗಳೆಂದರೆ ತೆಂಗಿನ ನಾರಿನ ಕಾರ್ಖಾನೆಗಳ, ಕೂಲಿ ಕಾರ್ಮಿಕರ ಸೀಮೆ. 1946ರ ಅಕ್ಟೋಬರಿನಲ್ಲಿ ಪುನ್ನಪ್ರ ಮತ್ತು ವಯಲಾರ್‌ಗಳಲ್ಲಿ ದಿವಾನರ ಸೈನ್ಯದ ಗುಂಡಿಗೆ ನೂರಾರು ಮಂದಿ ಬಲಿಯಾದರು. ವಯಲಾರ್ ಇರುವುದು ಚೇರ್ತಲದ ಮಗ್ಗುಲಲ್ಲೇ. ಕಾರ್ಮಿಕ ಸಂಘದಲ್ಲಿ ಸಕ್ರಿಯರಾಗಿದ್ದ ಅಣ್ಣ ಸುಕುಮಾರನ್ ಅವರ ಪ್ರಭಾವವೂ ಸೇರಿ, 1948ರಲ್ಲಿ ಗೌರಿಯಮ್ಮ ಕಮ್ಯುನಿಸ್ಟ್ ಪಕ್ಷದ ಸದಸ್ಯೆಯಾದರು. ಪಕ್ಷ ನಿಷೇಧಕ್ಕೊಳಗಾದ ದಿನಗಳಲ್ಲಿ ಸೆರೆಮನೆ, ಪೊಲೀಸರ ಹಿಂಸೆ ಎರಡನ್ನೂ ಕಂಡರು. ಲಾಠಿಗೆ ಗರ್ಭ ಕೊಡುವ ಶಕ್ತಿ ಇದ್ದಿದ್ದರೆ ತಾನು ಎಷ್ಟೋ ಲಾಠಿ ಮಕ್ಕಳನ್ನು ಹೆರಬೇಕಾಗಿತ್ತು ಎಂಬರ್ಥದ ಅವರ ಮಾತು ಕೇರಳದಲ್ಲಿ ಮನೆಮಾತಾಗಿದೆ. ಹೆಣ್ಣೊಬ್ಬಳು ಸಾರ್ವಜನಿಕವಾಗಿ ಆಡಬಾರದೆಂದು ಸಮಾಜ ಬಗೆದಿದ್ದ ಸಂಗತಿಯನ್ನು ನೇರವಾಗಿ ಆಡಿಬಿಟ್ಟ ಧೈರ್ಯ ಅದು.

1952 ಮತ್ತು 1954ರಲ್ಲಿ ಅವರು ತಿರುವಾಂಕೂರು-ಕೊಚ್ಚಿ ವಿಧಾನಸಭೆಗೆ ಆಯ್ಕೆಯಾದರು. 1956ರ ನವೆಂಬರ್ 1ರಂದು ಕೇರಳ ರಾಜ್ಯ ಉದಯಿಸಿತು. ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಆಗಲೇ ಕೇರಳದ ಪಾಲಾಯಿತು. ಮರು ವರ್ಷದ ಚುನಾವಣೆಯಲ್ಲಿ ಗೆದ್ದ ಕಮ್ಯುನಿಸ್ಟ್ ಪಕ್ಷ ಇ. ಎಂ. ಎಸ್. ನಂಬೂದಿರಿಪಾಡರ ನಾಯಕತ್ವದಲ್ಲಿ ಸರ್ಕಾರ ರಚಿಸಿತು. ಹನ್ನೊಂದು ಜನರ ಆ ಸಂಪುಟದಲ್ಲಿ ಇದ್ದ ಏಕೈಕ ಮಹಿಳೆ 37 ವರ್ಷದ ಗೌರಿಯಮ್ಮ. ಹೊಸದಾಗಿ ಬಂದ ಮಹಿಳೆಯರಿಗೆ ಹಗುರವಾದ ಖಾತೆ ಕೊಟ್ಟು ಕೈ ತೊಳೆದುಕೊಳ್ಳುವ ವಾಡಿಕೆಗೆ ವ್ಯತಿರಿಕ್ತವಾಗಿ, ಆ ಸರ್ಕಾರದ ಅತ್ಯಂತ ಕಠಿಣ ಹೊಣೆಯಾದ ಕಂದಾಯ ಇಲಾಖೆ ಅವರ ಕೈಗೆ ಬಂತು.

ಆರನೆಯ ದಿನದ ಸುಗ್ರೀವಾಜ್ಞೆ

ಕೇರಳದ ಭೂಮಿಯ ವ್ಯವಸ್ಥೆ ಜಟಿಲವಾಗಿತ್ತು. ಮೇಲೆ ಜನ್ಮಿ, ಅಂದರೆ ಭೂಮಿಯ ಮೂಲ ಒಡೆಯ. ಅವನ ಕೆಳಗೆ ಕಾಣಂ ಹಕ್ಕಿನವರು, ಅವರಿಂದ ಗೇಣಿಗೆ ಪಡೆದವರು, ಎಲ್ಲಕ್ಕೂ ಕೆಳಗೆ ವೆರುಂಪಾಟ್ಟಂ ಒಕ್ಕಲುಗಳು. ನಮ್ಮ ಕರಾವಳಿಯ ಚಾಲಗೇಣಿಯಂತೆ, ಈ ಕೊನೆಯ ವರ್ಗಕ್ಕೆ ನೆಲದಲ್ಲಿ ಬೇರಿರಲಿಲ್ಲ. ಧಣಿ ಏಳೆಂದರೆ ಏಳಬೇಕು. ಇವರಿಗಿಂತಲೂ ಅಸಹಾಯಕರು ಕುಡಿಕಿಡಪ್ಪುಕಾರರು. ಧಣಿಯ ತೆಂಗಿನ ತೋಟದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಅವನ ಹೊಲದಲ್ಲೇ ದುಡಿಯುವ ಜನ. ಗುಡಿಸಲಿನ ಕೆಳಗಿನ ಮಣ್ಣೂ ಅವರದಲ್ಲ.

ಭೂಸುಧಾರಣೆಯ ಸುದ್ದಿ ಹಬ್ಬಿದೊಡನೆ ಒಡೆಯರು ಮೊದಲು ಮಾಡುವ ಕೆಲಸ ಒಕ್ಕಲೆಬ್ಬಿಸುವುದು; ಕಾನೂನು ಬರುವ ಹೊತ್ತಿಗೆ ಗೇಣಿದಾರನೇ ಇಲ್ಲವಾದರೆ ಹಕ್ಕಿನ ಪ್ರಶ್ನೆಯೂ ಇಲ್ಲ. ವಕೀಲೆಯಾಗಿದ್ದ ಗೌರಿಯಮ್ಮನಿಗೆ ಈ ತಂತ್ರ ತಿಳಿಯದ್ದೇನಲ್ಲ. 1957ರ ಏಪ್ರಿಲ್ 5ರಂದು ಸರ್ಕಾರ ಪ್ರಮಾಣ ವಚನ ಸ್ವೀಕರಿಸಿತು. ಏಪ್ರಿಲ್ 11ರಂದು ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಬಿತ್ತು. ಮಸೂದೆಯ ಚರ್ಚೆ ವರ್ಷಗಟ್ಟಲೆ ನಡೆದರೂ ಒಕ್ಕಲು ಇದ್ದಲ್ಲೇ ಇರಬೇಕೆಂಬುದು ಅದರ ಉದ್ದೇಶ. ಮುಂದೆ ನಡೆದದ್ದನ್ನೆಲ್ಲ ನೋಡಿದರೆ ಆ ಪುಟ್ಟ ಆಜ್ಞೆಯೇ ದೊಡ್ಡ ಕಾಯ್ದೆಯ ಅಡಿಗಲ್ಲು ಎನ್ನಬೇಕು.

ಅದೇ ಡಿಸೆಂಬರಿನಲ್ಲಿ ಮಂಡನೆಯಾದ ಕೃಷಿ ಸಂಬಂಧಗಳ ಮಸೂದೆ ಗೇಣಿಗೆ ಮಿತಿ ಹಾಕಿತು, ಗೇಣಿದಾರನಿಗೆ ಭೂಮಿ ಕೊಳ್ಳುವ ಹಕ್ಕು ಕೊಟ್ಟಿತು, ಹಿಡುವಳಿಗೆ ಗರಿಷ್ಠ ಮಿತಿ ಗೊತ್ತುಮಾಡಿತು. ವಿಧಾನಸಭೆ ಅದನ್ನು ಅಂಗೀಕರಿಸಿದ್ದು 1959ರ ಜೂನ್ 10ರಂದು. ಅಷ್ಟರಲ್ಲಿ ಶಿಕ್ಷಣ ಮಸೂದೆಯಿಂದ ಸಿಟ್ಟಿಗೆದ್ದಿದ್ದ ಚರ್ಚ್ ಆಡಳಿತಗಳು, ನಾಯರ್ ಸಂಘಟನೆ, ಕಾಂಗ್ರೆಸ್ ಪಕ್ಷ ಎಲ್ಲ ಒಂದಾಗಿ ವಿಮೋಚನಾ ಹೋರಾಟಕ್ಕಿಳಿದಿದ್ದವು. ಜುಲೈ 31ರಂದು ಕೇಂದ್ರ ಸರ್ಕಾರ ಕೇರಳ ಸರ್ಕಾರವನ್ನು ವಜಾ ಮಾಡಿತು. ಮಸೂದೆಗೆ ರಾಷ್ಟ್ರಪತಿಯ ಅಂಕಿತ ದೊರೆಯಲಿಲ್ಲ.

ಕಾಸರಗೋಡಿನಲ್ಲಿ ಎಡವಿದ ಕಾಯ್ದೆ

ಮುಂದೆ ಬಂದ ಸಮ್ಮಿಶ್ರ ಸರ್ಕಾರ ಮಸೂದೆಯನ್ನು ಮಾರ್ಪಡಿಸಿ ಅಂಗೀಕರಿಸಿತು. 1961ರ ಜನವರಿಯಲ್ಲಿ ಅದು ಕಾಯ್ದೆಯಾಯಿತು. ಆದರೆ ಅದು ಕಾಲು ಜಾರಿದ್ದು ಕನ್ನಡಿಗರಿಗೆ ಪರಿಚಿತವಾದ ನೆಲದಲ್ಲಿ. ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳಲ್ಲಿ ಮದರಾಸಿನ ರೈತವಾರಿ ಪದ್ಧತಿ ಇತ್ತು. ಜಮೀನ್ದಾರಿ ರದ್ದತಿಯ ಕಾನೂನುಗಳಿಗೆ ಸಂವಿಧಾನ ಕೊಟ್ಟಿದ್ದ ರಕ್ಷಣೆ ಈ ರೈತವಾರಿ ಭೂಮಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 1961ರ ಡಿಸೆಂಬರಿನಲ್ಲಿ ತೀರ್ಪಿತ್ತು, ಅಲ್ಲಿನ ಭೂಮಿಯ ಮಟ್ಟಿಗೆ ಕಾಯ್ದೆಯನ್ನು ತಳ್ಳಿಹಾಕಿತು. ಇದಕ್ಕೆ ಉತ್ತರವೆಂಬಂತೆ 1964ರಲ್ಲಿ ಸಂವಿಧಾನದ 17ನೆಯ ತಿದ್ದುಪಡಿ ಬಂತು. ರೈತವಾರಿ ಭೂಮಿಯೂ ಆ ರಕ್ಷಣೆಯ ವ್ಯಾಪ್ತಿಗೆ ಸೇರಿತು. ಕೇರಳದ ಹೊಸ ಭೂಸುಧಾರಣಾ ಕಾಯ್ದೆ ಒಂಬತ್ತನೆಯ ಷೆಡ್ಯೂಲಿನೊಳಗೆ ಹೋಯಿತು.

ಈ ಹೊಸ ಕಾಯ್ದೆ ಆರ್. ಶಂಕರ್ ಅವರ ಕಾಂಗ್ರೆಸ್ ಸರ್ಕಾರದ ಕಾಲದ್ದು. ಮೂಲ ಮಸೂದೆಗೆ ಹೋಲಿಸಿದರೆ ಒಡೆಯರ ಪರವಾದ ಸಡಿಲಿಕೆಗಳು ಅದರಲ್ಲಿದ್ದವು. 1967ರಲ್ಲಿ ಇ. ಎಂ. ಎಸ್. ಮತ್ತೆ ಮುಖ್ಯಮಂತ್ರಿಯಾದಾಗ ಗೌರಿಯಮ್ಮನವರೂ ಕಂದಾಯ ಖಾತೆಗೆ ಮರಳಿದರು, ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದ ಎತ್ತಿಕೊಂಡರು. ಅವರ ಹೊಣೆಯಲ್ಲಿ ರೂಪುಗೊಂಡ 1969ರ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂತು. ಅಷ್ಟರಲ್ಲಿ ಅವರ ಸರ್ಕಾರ ಬಿದ್ದು ಸಿಪಿಐನ ಅಚ್ಯುತ ಮೇನೋನ್ ಮುಖ್ಯಮಂತ್ರಿಯಾಗಿದ್ದರು. ಶ್ರೇಯಸ್ಸು ಯಾರದೆಂಬ ಜಗಳ ಎರಡು ಕಮ್ಯುನಿಸ್ಟ್ ಪಕ್ಷಗಳ ನಡುವೆ ಬಹುಕಾಲ ನಡೆಯಿತು.

ಆ ದಿನ ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಗೇಣಿದಾರರ ಭೂಮಿಯ ಮೇಲೆ ಒಡೆಯರಿಗಿದ್ದ ಹಕ್ಕು ಸರ್ಕಾರಕ್ಕೆ ಸೇರಿ, ಅಲ್ಲಿಂದ ಉಳುವವನ ಹೆಸರಿಗೆ ಬರುವ ದಾರಿ ತೆರೆಯಿತು. ಗುಡಿಸಲಿನವರಿಗೆ ಹಳ್ಳಿಯಲ್ಲಿ ಹತ್ತು ಸೆಂಟ್ಸ್, ಪುರಸಭೆಯಲ್ಲಿ ಐದು, ನಗರದಲ್ಲಿ ಮೂರು ಸೆಂಟ್ಸ್ ನೆಲವನ್ನು ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಸಿಕ್ಕಿತು. ಹತ್ತು ಸೆಂಟ್ಸ್ ಎಂದರೆ ಎಕರೆಯ ಹತ್ತರಲ್ಲಿ ಒಂದು ಪಾಲು. ಕಾಗದಪತ್ರಕ್ಕೆ ಕಾಯದೆ ಬೇಲಿ ಹಾಕಿಕೊಂಡವರೂ ಇದ್ದರು. ಇನ್ನು ಯಾರೂ ಏಳು ಎನ್ನಲಾರರು ಎಂಬ ನೆಮ್ಮದಿ ಆ ಬೇಲಿಯೊಳಗಿತ್ತು. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು ನಾಲ್ಕು ವರ್ಷಗಳ ನಂತರ, 1974ರಲ್ಲಿ.

ಎಡನೀರು ಮಠದ ಭೂಮಿಗೆ ಕುತ್ತು ಬಂದದ್ದೂ ಇದೇ ಕಾಯ್ದೆಯಿಂದ. ಸ್ವಾಮೀಜಿಯ ಹೆಸರು ನ್ಯಾಯಶಾಸ್ತ್ರದಲ್ಲಿ ಶಾಶ್ವತವಾಯಿತು, ಭೂಮಿ ಮಾತ್ರ ಮರಳಲಿಲ್ಲ. ಕಾಯ್ದೆಗೂ ಮಿತಿಗಳಿದ್ದವು. ಚಹಾ, ರಬ್ಬರ್ ತೋಟಗಳು ಮಿತಿಯ ಹೊರಗುಳಿದವು. ಗೇಣಿದಾರರಲ್ಲದ ದಲಿತ ಕೂಲಿಗಳಿಗೆ ಮನೆಯ ನಿವೇಶನ ಸಿಕ್ಕಿತೇ ಹೊರತು ಉಳುವ ಹೊಲ ಸಿಗಲಿಲ್ಲ ಎಂಬ ಟೀಕೆಗೆ ಸಮರ್ಪಕ ಉತ್ತರವಿಲ್ಲ.

ಮನೆಯೊಳಗೆ ಬಂದ ಒಡಕು

1957ರಲ್ಲಿಯೇ ಗೌರಿಯಮ್ಮ ತಮ್ಮ ಸಂಪುಟದ ಸಹೋದ್ಯೋಗಿ, ಕಾರ್ಮಿಕ ನಾಯಕ ಟಿ. ವಿ. ಥಾಮಸ್ ಅವರನ್ನು ಮದುವೆಯಾಗಿದ್ದರು. ಏಳು ವರ್ಷಕ್ಕೆ ಪಕ್ಷ ಒಡೆಯಿತು. ಗೌರಿಯಮ್ಮ ಸಿಪಿಎಂ ಕಡೆ, ಥಾಮಸ್ ಸಿಪಿಐ ಕಡೆ. 1967ರ ಸಂಪುಟದಲ್ಲಿ ಇಬ್ಬರೂ ಸಚಿವರು, ಆದರೆ ಬೇರೆ ಬೇರೆ ಪಕ್ಷಗಳಿಂದ. ದಾಂಪತ್ಯ ಮತ್ತೆ ಕೂಡಿಕೊಳ್ಳಲಿಲ್ಲ. ಥಾಮಸ್ 1977ರಲ್ಲಿ ತೀರಿಕೊಂಡರು. ಪಕ್ಷಕ್ಕಾಗಿ ಸಂಸಾರ ತೊರೆದ ಗಂಡಸರ ತ್ಯಾಗವನ್ನು ಹಾಡಿ ಹೊಗಳುವ ನಮ್ಮ ರಾಜಕೀಯ ಚರಿತ್ರೆ, ಅದೇ ಬೆಲೆ ತೆತ್ತ ಹೆಣ್ಣನ್ನು ಹಟಮಾರಿ ಎಂದು ಕರೆದು ಸುಮ್ಮನಾಗುತ್ತದೆ.

ಆ ಬೆಲೆಗೆ ಪಕ್ಷ ಕೊಟ್ಟ ಪ್ರತಿಫಲ 1987ರಲ್ಲಿ ತಿಳಿಯಿತು. ಆ ಚುನಾವಣೆಯಲ್ಲಿ ಗೌರಿಯಮ್ಮನೇ ಕೇರಳವನ್ನು ಆಳುವರೆಂಬ ಘೋಷಣೆ ಊರೂರಲ್ಲಿ ಮೊಳಗಿತು. ಎಡರಂಗ ಗೆದ್ದಿತು. ಮುಖ್ಯಮಂತ್ರಿಯಾದದ್ದು ಇ. ಕೆ. ನಾಯನಾರ್. ಗೌರಿಯಮ್ಮನವರಿಗೆ ಸಿಕ್ಕಿದ್ದು ಕೈಗಾರಿಕೆ ಖಾತೆ. ತಿರುವನಂತಪುರದ ಟೆಕ್ನೋಪಾರ್ಕ್ ರೂಪುಗೊಂಡದ್ದು ಆ ಅವಧಿಯಲ್ಲಿ, 1990ರಲ್ಲಿ. ಆ ವೇಳೆಗಾಗಲೇ ಉತ್ತರ ಪ್ರದೇಶ, ಒರಿಸ್ಸಾ, ಗೋವಾ, ಅಸ್ಸಾಮುಗಳು ಮಹಿಳಾ ಮುಖ್ಯಮಂತ್ರಿಗಳನ್ನು ಕಂಡಿದ್ದವು. ಹೆಣ್ಣುಮಕ್ಕಳ ಓದಿನಲ್ಲಿ ದೇಶಕ್ಕೆ ಮೇಲ್ಪಂಕ್ತಿಯಾದ ಕೇರಳ, ಗೌರಿಯಮ್ಮ ಬದುಕಿದ್ದ ನೂರೊಂದು ವರ್ಷಗಳಲ್ಲಿ ಒಬ್ಬರನ್ನೂ ಕಾಣಲಿಲ್ಲ.

1994ರ ಜನವರಿಯಲ್ಲಿ ಪಕ್ಷ ವಿರೋಧಿ ಚಟುವಟಿಕೆಯ ಆರೋಪದ ಮೇಲೆ ಸಿಪಿಎಂ ಅವರನ್ನು ಉಚ್ಚಾಟಿಸಿತು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಜನಾಧಿಪತ್ಯ ಸಂರಕ್ಷಣಾ ಸಮಿತಿ ಎಂಬ ಪಕ್ಷ ಕಟ್ಟಿ, ಒಂದು ಕಾಲಕ್ಕೆ ತಮ್ಮ ಎದುರಾಳಿಯಾಗಿದ್ದ ಕಾಂಗ್ರೆಸ್ ಕೂಟವನ್ನೇ ಸೇರಿದರು. 2001ರಿಂದ 2006ರವರೆಗೆ ಆ ಕೂಟದ ಸರ್ಕಾರಗಳಲ್ಲಿ ಕೃಷಿ ಸಚಿವೆಯಾಗಿದ್ದರು. ಭೂ ಒಡೆಯರ ನಿದ್ದೆಗೆಡಿಸಿದ್ದ ನಾಯಕಿ ಅವರ ಮಿತ್ರರ ಪಂಕ್ತಿಯಲ್ಲಿ ಕುಳಿತದ್ದು ಹಳೆಯ ಅನುಯಾಯಿಗಳಿಗೆ ಅರಗದ ಸಂಗತಿ.

ಹಾಗೆಂದು ಭೂಮಿಯ ಪ್ರಶ್ನೆಯನ್ನು ಅವರು ಬಿಟ್ಟುಕೊಡಲಿಲ್ಲ. ಆದಿವಾಸಿಗಳಿಂದ ಪರಭಾರೆಯಾದ ಭೂಮಿಯನ್ನು ಅವರಿಗೇ ಮರಳಿಸಬೇಕೆಂಬ 1975ರ ಕಾಯ್ದೆಯನ್ನು ದುರ್ಬಲಗೊಳಿಸುವ ಮಸೂದೆ 1996ರಲ್ಲಿ ಕೇರಳ ವಿಧಾನಸಭೆಗೆ ಬಂತು. ವಲಸೆ ರೈತರ ಮತಗಳ ಮೇಲೆ ಕಣ್ಣಿಟ್ಟ ಆಡಳಿತ ಪಕ್ಷವೂ ವಿರೋಧ ಪಕ್ಷವೂ ಕೈಜೋಡಿಸಿದವು. 140 ಸದಸ್ಯರ ಆ ಸದನದಲ್ಲಿ ವಿರೋಧಿಸಿದ ದನಿ ಒಂದೇ, ಅದು ಗೌರಿಯಮ್ಮನದು. ಆ ಮಸೂದೆಗೂ ರಾಷ್ಟ್ರಪತಿಯ ಅಂಕಿತ ದೊರೆಯಲಿಲ್ಲ. ಬಹುಮತದ ಬಲದಿಂದ ದೊಡ್ಡ ಕಾಯ್ದೆ ತಂದಾಗ ಇದ್ದ ನಿಲುವೇ ಒಂಟಿಯಾಗಿ ಕೈಯೆತ್ತಿದಾಗಲೂ ಅವರದಾಗಿತ್ತು.

2021ರ ಮೇ 11ರಂದು ಅವರು ಕೊನೆಯುಸಿರೆಳೆದರು. ಪುನ್ನಪ್ರ-ವಯಲಾರ್ ಹುತಾತ್ಮರ ನೆನಪನ್ನು ಹೊತ್ತ ಆಲಪ್ಪುಳದ ವಲಿಯ ಚುಡುಕಾಡಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಕೇರಳದ ಹಳ್ಳಿಗಳಲ್ಲಿ ಹತ್ತು ಸೆಂಟ್ಸ್ ನೆಲದ ಹಕ್ಕುಪತ್ರವನ್ನು ಜೋಪಾನವಾಗಿಟ್ಟುಕೊಂಡ ಮನೆಗಳು ಮಾತ್ರ ಅಸಂಖ್ಯಾತ.