ಕೊಟ್ಟ ಹಣ, ತಲುಪದ ಋಣ

ಒಬ್ಬರ ಗದ್ದೆಯಿಂದ ಹೇಳದೆ ಕೇಳದೆ ಒಂದು ಹಿಡಿ ಭತ್ತದ ತೆನೆ ಕೊಯ್ದರೆ ಅದು ಕಳ್ಳತನವೆಂಬುದು ಸಿರುಗುಪ್ಪ ಸೀಮೆಯ ಕರೂರಿನ ಮಗುವಿಗೂ ತಿಳಿದಿದೆ. ಆದರೆ ಹಾಡೊಂದನ್ನು ನಕಲು ಮಾಡಿಕೊಂಡಾಗ ನಮ್ಮಲ್ಲಿ ಎಷ್ಟು ಮಂದಿಗೆ ಹಾಗೆನಿಸಿತು? ಏಕೆ ಅನಿಸಲಿಲ್ಲ ಎಂಬುದಕ್ಕೆ ಒಂದು ಚರಿತ್ರೆಯಿದೆ.

ಭಾರತದಲ್ಲಿ ಗೌಹರ್ ಜಾನ್ ಅವರ ಕಂಠ ಗ್ರಾಮಫೋನ್ ತಟ್ಟೆಗೆ ಇಳಿದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ತಟ್ಟೆಯನ್ನು ಮನೆಯಲ್ಲಿ ನಕಲು ಮಾಡುವುದು ಸಾಧ್ಯವಿರಲಿಲ್ಲ. ಊರಿನ ಒಬ್ಬ ಉಳ್ಳವರ ಮನೆಯಲ್ಲಿ ಯಂತ್ರವಿದ್ದರೆ ಓಣಿಯವರೆಲ್ಲ ಜಗುಲಿಯಲ್ಲಿ ಕುಳಿತು ಕೇಳುತ್ತಿದ್ದರು. ಹಾಡು ಹಂಚಿ ಸವಿಯುವ ವಸ್ತುವೆಂಬ ಭಾವ ನಮ್ಮಲ್ಲಿ ಆಗಲೇ ಬೇರೂರಿತ್ತು.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದಿತು. ಎಂಬತ್ತರ ದಶಕದ ಹೊತ್ತಿಗೆ ಅದು ನಮ್ಮ ಪೇಟೆಗಳನ್ನೆಲ್ಲ ತುಂಬಿತು. ಖಾಲಿ ಕ್ಯಾಸೆಟ್ಟಿನೊಡನೆ ಮೆಚ್ಚಿನ ಹಾಡುಗಳ ಪಟ್ಟಿಯನ್ನು ಕೊಟ್ಟರೆ ಅಂಗಡಿಯವರು ಸಂಜೆಯೊಳಗೆ ತುಂಬಿಕೊಡುತ್ತಿದ್ದರು. ಹತ್ತು ಚಿತ್ರಗಳಿಂದ ನಾವು ಆರಿಸಿದ ಹತ್ತು ಹಾಡುಗಳನ್ನು ಒಂದೆಡೆ ಕೊಡುವ ಕಂಪನಿ ಯಾವುದಿತ್ತು? 1984ರ ತಿದ್ದುಪಡಿಯು ಕೃತಿಸ್ವಾಮ್ಯ ಕಾಯಿದೆಯನ್ನು ಬಿಗಿಗೊಳಿಸಿ, ಮೂರು ವರ್ಷದವರೆಗೆ ಸೆರೆವಾಸ ಹಾಗೂ ಎರಡು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿತು. ಆದರೂ ನಕಲಿನ ಹಾವಳಿ ತಗ್ಗಲು ಶಿಕ್ಷೆಯ ಭಯಕ್ಕಿಂತ ಹೆಚ್ಚು ನೆರವಾದದ್ದು ಅಸಲಿ ಕ್ಯಾಸೆಟ್ಟುಗಳ ಬೆಲೆ ಇಳಿದದ್ದು.

ಡಿಜಿಟಲ್ ಯುಗದಲ್ಲಿ ಇದೇ ಕಥೆ ಮರುಕಳಿಸಿತು. 1999ರಲ್ಲಿ ಅಮೆರಿಕದ ನ್ಯಾಪ್‌ಸ್ಟರ್ ಹಾಡುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುವ ದಾರಿ ತೆರೆಯಿತು. 2001ರಲ್ಲಿ ನ್ಯಾಯಾಲಯದ ಆದೇಶಕ್ಕೆ ಸಿಲುಕಿ ನಿಂತಿತು. 2003ರಲ್ಲಿ ಆಪಲ್ ಕಂಪನಿ ಅಲ್ಲಿ ಒಂದೊಂದೇ ಹಾಡನ್ನು 99 ಸೆಂಟಿಗೆ ಮಾರತೊಡಗಿತು. ಆ ಮಳಿಗೆ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. ಈ ನಡುವಿನ ಒಂಬತ್ತು ವರ್ಷಗಳಲ್ಲಿ ಮೊಬೈಲ್ ಹಳ್ಳಿಹಳ್ಳಿಗೂ ತಲುಪಿತ್ತು. 2006ರ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ'ಯ ಹಾಡುಗಳನ್ನು ಹಳ್ಳಿಯ ತರುಣನು ಫೋನಿಗೆ ಪ್ರಾಮಾಣಿಕವಾಗಿ ಕೊಳ್ಳಬೇಕೆಂದರೂ ಹತ್ತಿರದಲ್ಲಿ ಮಾರುವವರಿರಲಿಲ್ಲ. ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿಕೊಡುವ ಮೊಬೈಲ್ ಅಂಗಡಿ ಮಾತ್ರ ಬಸ್ ನಿಲ್ದಾಣದ ಎದುರಿಗೇ ಇತ್ತು.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಅವನು ಅಂಗಡಿಯವನಿಗೆ ಹಣ ಕೊಟ್ಟನು. ಆ ಹಣ ಹಾಡಿದವರಿಗಾಗಲಿ, ಬರೆದವರಿಗಾಗಲಿ ತಲುಪಲಿಲ್ಲ. ಜನರು ಜಿಪುಣರಾಗಿರಲಿಲ್ಲ; ಸರಿಯಾದ ದಾರಿ ದೂರವಿತ್ತು, ತಪ್ಪು ದಾರಿ ಬಾಗಿಲಲ್ಲೇ ಇತ್ತು. ಜೊತೆಗೆ, ನಕಲು ಮಾಡಿದರೆ ಅಸಲು ಕರಗುವುದಿಲ್ಲ. ನಷ್ಟ ಅನುಭವಿಸುವವರ ಮುಖ ಕಾಣುವುದಿಲ್ಲ. "ಕೊಂಡರೂ ಲಾಭ ಕಂಪನಿಗೇ ತಾನೆ?" ಎಂಬ ಸಮಜಾಯಿಷಿಯೂ ಇತ್ತು. ಅದರಲ್ಲಿ ಸತ್ಯಾಂಶ ಇದ್ದುದರಿಂದಲೇ 2012ರ ತಿದ್ದುಪಡಿಯು ಚಿತ್ರಗೀತೆಗಳ ಕವಿ ಹಾಗೂ ಸಂಗೀತ ಸಂಯೋಜಕರ ಗೌರವಧನದ ಹಕ್ಕನ್ನು ಕಾಯಬೇಕಾಯಿತು.

ನಾನೂ ಈ ಋಣದಿಂದ ಹೊರತಲ್ಲ. ಗುರುಮಠದ ದಿನಗಳಲ್ಲಿ ನಾವು ಗೆಳೆಯರು ಭಕ್ತಿಗೀತೆಗಳ ಒಂದು ಕ್ಯಾಸೆಟ್ಟನ್ನು ಕೊಂಡು ಹಲವು ನಕಲು ಮಾಡಿಕೊಂಡಿದ್ದೆವು. ದೇವರ ಹಾಡಲ್ಲವೇ ಎಂದುಕೊಂಡೆವು. ಅದನ್ನು ಹಾಡಿದವರಿಗೂ ಮನೆ, ಮಕ್ಕಳು, ಹಸಿವು ಇವೆಯೆಂಬುದು ಹೊಳೆಯಲೇ ಇಲ್ಲ.

2016ರ ನಂತರ ಅಂತರಜಾಲ ಅಗ್ಗವಾಯಿತು. ಜಾಹೀರಾತಿನ ನಡುವೆ ಉಚಿತವಾಗಿ, ಕಾನೂನುಬದ್ಧವಾಗಿಯೇ ಹಾಡು ಕೇಳುವ ಅವಕಾಶ ಒದಗಿತು. ಕಾರ್ಡು ತುಂಬುವ ವ್ಯಾಪಾರ ಬಹುಮಟ್ಟಿಗೆ ತಾನಾಗಿಯೇ ಸೊರಗಿತು. ಸನ್ಮಾರ್ಗ ಸುಲಭವಾದರೆ ಹೆಚ್ಚಿನವರು ಅದರಲ್ಲೇ ನಡೆಯುತ್ತಾರೆಂಬುದು ಸಮಾಧಾನದ ಮಾತು. ಆದರೆ ಅನುಕೂಲವೇ ಪ್ರಾಮಾಣಿಕತೆಯಲ್ಲ. ನಮ್ಮೂರಿನ ತತ್ವಪದಕಾರರೋ ಬಯಲಾಟದ ಭಾಗವತರೋ ಸಾಲ ಮಾಡಿ ಒಂದು ಧ್ವನಿಮುದ್ರಣ ಹೊರತಂದರೆ, ಅದನ್ನು ಪುಕ್ಕಟೆ ಕೇಳದೆ ಹಣ ಕೊಟ್ಟು ಕೊಳ್ಳುತ್ತೇವೆಯೇ? ನಮ್ಮ ಮಕ್ಕಳು ಹಾಡಿನ ಬೆಲೆಯನ್ನು ಕಲಿಯುವುದು ಅಲ್ಲಿಯೇ.