ಸೀಸರಹಿತ ಬೆಸುಗೆ

ಸೀಸರಹಿತ ಬೆಸುಗೆ: ಕಂಪ್ಯೂಟರ್ ಮತ್ತಿತರ ಎಲೆಕ್ಟ್ರಾನಿಕ್ ಉಪಕರಣಗಳ ಸರ್ಕ್ಯೂಟ್ ಬೋರ್ಡಿಗೆ ಬಿಡಿಭಾಗಗಳನ್ನು ಕೂಡಿಸಲು ಬಳಸುವ, ಸೀಸ ಬೆರೆಸದ ತವರದ ಮಿಶ್ರಲೋಹ. ದಶಕಗಳ ಕಾಲ ಈ ಕೆಲಸಕ್ಕೆ ರೂಢಿಯಲ್ಲಿದ್ದುದು ಶೇ. 63 ತವರ, ಶೇ. 37 ಸೀಸದ ಬೆಸುಗೆ; ಅಗ್ಗ, 183° ಸೆ.ನಲ್ಲೇ ಕರಗುವಂಥದು. ಆದರೆ ಸೀಸ ನರಮಂಡಲಕ್ಕೆ, ಮುಖ್ಯವಾಗಿ ಮಕ್ಕಳ ಮಿದುಳಿಗೆ ಹಾನಿಕರ. ಬೋರ್ಡು ಕಾಯಿಸಿ ಚಿಪ್ ಬಿಡಿಸುವ ಗುಜರಿ ಕೆಲಸಗಾರರ ದೇಹಕ್ಕೆ ಅದು ಹೊಗೆ, ಧೂಳಿನ ಮೂಲಕ ಸೇರುತ್ತದೆ.

ಐರೋಪ್ಯ ಒಕ್ಕೂಟದ 2002ರ ರೋಹ್ಸ್ (ಅಪಾಯಕಾರಿ ಪದಾರ್ಥಗಳ ನಿರ್ಬಂಧ) ನಿರ್ದೇಶನವು 2006ರ ಜುಲೈ 1ರಿಂದ ಸೀಸ, ಪಾದರಸ, ಕ್ಯಾಡ್ಮಿಯಂ ಸೇರಿ ಆರು ಪದಾರ್ಥಗಳನ್ನು ನಿರ್ಬಂಧಿಸಿತು. ಸೀಸದ ಮಿತಿ ಪ್ರತಿ ಏಕರೂಪ ವಸ್ತುವಿನ ತೂಕದ ಶೇ. 0.1. ಸರ್ವರ್‌ಗಳ ಬೆಸುಗೆಗೆ ಆರಂಭದಲ್ಲಿ ವಿನಾಯಿತಿ ಇತ್ತು. ಜಾಗತಿಕ ಮಾರುಕಟ್ಟೆಗೆ ಒಂದೇ ಬಗೆಯ ಸರಕು ತಯಾರಿಸುವ ಕಂಪನಿಗಳು ಯುರೋಪಿನ ಹೊರಗೂ ಇದೇ ಪದ್ಧತಿಗೆ ಹೊರಳಿದವು.

ಹೆಚ್ಚು ಬಳಕೆಯಲ್ಲಿರುವುದು ಶೇ. 96.5 ತವರ, ಶೇ. 3 ಬೆಳ್ಳಿ, ಶೇ. 0.5 ತಾಮ್ರದ ಮಿಶ್ರಣ. ಇದು ಕರಗುವುದು 217–220° ಸೆ.ನಲ್ಲಿ, ಆದ್ದರಿಂದ ಬೆಸುಗೆ ಕುಲುಮೆಗೆ ಹೆಚ್ಚು ವಿದ್ಯುತ್ ಬೇಕು, ಬೋರ್ಡು ಹೆಚ್ಚು ಶಾಖ ತಾಳಬೇಕು. ಬೆಳ್ಳಿಯಿಂದ ಬೆಲೆಯೂ ಗಣಿಗಾರಿಕೆಯ ಹೊರೆಯೂ ಏರುತ್ತವೆ. ಹೀಗಾಗಿ ಇದರ ಪರಿಸರ ಲಾಭ ಪೂರ್ತಿ ನಿವ್ವಳವಲ್ಲ. ಬಿಡಿಭಾಗಗಳ ಲೋಹದ ಕಾಲುಗಳಿಗೆ ಕೊಟ್ಟ ಶುದ್ಧ ತವರದ ಲೇಪದ ಮೇಲೆ ಕೂದಲಿಗಿಂತ ತೆಳುವಾದ ಲೋಹದ ಎಳೆಗಳು ತಾವಾಗಿ ಬೆಳೆದು, ಪಕ್ಕದ ಕಾಲುಗಳನ್ನು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಉಂಟುಮಾಡುವುದೂ ಉಂಟು. ಹಿಂದೆ ಅಲ್ಪ ಸೀಸವೇ ಇದನ್ನು ತಡೆಯುತ್ತಿತ್ತು.

ಭಾರತ ಇದೇ ಶೇ. 0.1ರ ಮಿತಿಯನ್ನು 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಅಳವಡಿಸಿತು. 2022ರ ನಿಯಮಗಳೂ ಅದನ್ನು ಉಳಿಸಿಕೊಂಡಿವೆ.